ನಡುಕ, ನೆರಳು, ಗುಳಿಗೆ

ಪಾರ್ಕಿನ್ಸನ್ ತರುವ ನಡುಕ ಊರಿಗೆಲ್ಲ ಕಾಣುತ್ತದೆ. ಅದೇ ರೋಗ ಮೂಲೆಯಲ್ಲಿ ಕೂರಿಸುವ, ಇಲ್ಲದ ಮಗು ರೋಗಿಗೆ ಮಾತ್ರ ಕಾಣುತ್ತದೆ.

ಮಿದುಳಿನ ರಾಸಾಯನಿಕ ಡೋಪಮಿನ್ ಬತ್ತಿದರೆ ಹೆಜ್ಜೆ ಏಳುವುದಿಲ್ಲ. ಅದನ್ನು ತುಂಬಿಕೊಡುವ ಲೆವೊಡೋಪಾ ಕಾಲನ್ನು ಎಬ್ಬಿಸುತ್ತದೆ. ಕೆಲವರಲ್ಲಿ ಭ್ರಮೆಯನ್ನೂ ಎಬ್ಬಿಸುತ್ತದೆ.

ಮಿದುಳಿನಲ್ಲಿ ಚಲನೆಗೆ ಒಂದು ದಾರಿ, ಭಾವನೆಗೆ ಇನ್ನೊಂದು. ನುಂಗಿದ ಗುಳಿಗೆಗೆ ದಾರಿ ಆರಿಸಲು ಬರುವುದಿಲ್ಲ.

ಭ್ರಮೆ ತಗ್ಗಿಸಲೆಂದು ಕೊಡುವ ಹ್ಯಾಲೊಪೆರಿಡಾಲ್ ಡೋಪಮಿನ್ ಕೆಲಸವನ್ನೇ ತಡೆಯುತ್ತದೆ. ರೋಗಿಯಾದ ಆಯಿ ಸುಮ್ಮನಾದಳು ಎಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಆಕೆಯ ಮೈ ಮರಗಟ್ಟಿರುತ್ತದೆ.

ಈ ಜಗ್ಗಾಟ ಹೊಸದಲ್ಲ. ಸರ್ಪಗಂಧದ ಬೇರು ಮನೋವಿಕಾರಕ್ಕೆ ಆಗುತ್ತದೆಂದು ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಬರೆದರು. ಅದರೊಳಗಿನ ರಿಸರ್ಪಿನ್ ಡೋಪಮಿನ್ ಬರಿದುಮಾಡುತ್ತದೆ. ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇದೆ. ಕಸಿಯುವುದೂ ಕೊಡುವುದೂ ನಮ್ಮ ನೆಲದಲ್ಲೇ ಬೆಳೆದಿವೆ.

1957ರಲ್ಲಿ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್‌ನಿಂದ ಮಂಕಾದ ಮೊಲಗಳಿಗೆ ಡೋಪಮಿನ್ ಆಗಿ ಮಾರ್ಪಡುವ ಡೋಪಾ ಚುಚ್ಚಿದರು. ಅವು ಎದ್ದು ಓಡಾಡಿದವು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಮನಸ್ಸಿನ ಔಷಧ ಮೈಯನ್ನು ಏಕೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಆ ಮೊಲಗಳೇ ಸಾಕ್ಷಿ.

ಕ್ಲೋಜಪೀನ್ ಸಣ್ಣ ಪ್ರಮಾಣದಲ್ಲಿ ನಡಿಗೆ ಕೆಡಿಸದೆ ಭ್ರಮೆ ತಗ್ಗಿಸಬಲ್ಲದು. ಆದರೆ ರಕ್ತದ ಬಿಳಿಕಣ ಎಣಿಸುತ್ತಲೇ ಇರಬೇಕು. ಅಮೆರಿಕ 2016ರಲ್ಲಿ ಒಪ್ಪಿದ ಪಿಮವಾನ್ಸೆರಿನ್ ಡೋಪಮಿನ್ ಗೊಡವೆ ಬಿಟ್ಟು ಸೆರೊಟೊನಿನ್ ಎಂಬ ಇನ್ನೊಂದು ರಾಸಾಯನಿಕದ ಕಡೆಯಿಂದ ಬರುತ್ತದೆ.

ಭ್ರಮೆ ಕಂಡಾಗ ಗಾಳಿ ಸೋಂಕಿತೆನ್ನುವ ಮೊದಲು ಉರಿಮೂತ್ರ, ಮಲಬದ್ಧತೆ, ನಿದ್ದೆಗೇಡು, ಹೊಸದಾಗಿ ಸೇರಿದ ಗುಳಿಗೆ ಇವನ್ನೆಲ್ಲ ವಿಚಾರಿಸಿ.

ವಾಂತಿಗೆಂದು ಕೊಡುವ ಮೆಟೊಕ್ಲೋಪ್ರಮೈಡ್, ಚಕ್ಕರ್‌ಗೆಂದು ಕೊಡುವ ಪ್ರೊಕ್ಲೋರ್‌ಪೆರಜಿನ್ ಕೂಡ ಡೋಪಮಿನ್ ತಡೆಯುತ್ತವೆ. ಹಾಗಾಗಿ ಸೊಲ್ಲಾಪುರದ ಡಾಕ್ಟರು ಬರೆದ ಚೀಟಿಯನ್ನು ಅಕ್ಕಲಕೋಟೆಯ ಡಾಕ್ಟರಿಗೂ ತೋರಿಸಿ.

ಲೆವೊಡೋಪಾ ಕಡಿಮೆ ಮಾಡುವುದು ಡಾಕ್ಟರ ಕೆಲಸ. ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಅಕ್ಕಲಕೋಟೆ ಕಡೆಯ ಹನ್ನೂರದಲ್ಲಿ ಮನೆಯ ಮಾತು ಕನ್ನಡ, ದವಾಖಾನೆಯ ಮಾತು ಹೆಚ್ಚಾಗಿ ಮರಾಠಿ. ನಡುಕವನ್ನು ಕೈಯೇ ಹೇಳಿಬಿಡುತ್ತದೆ. ಕಂಡದ್ದನ್ನು ಬಾಯಿಯೇ ಹೇಳಬೇಕು. ಜೊತೆಗೆ ಹೋಗುವವರು ಮರಾಠಿ ಬಲ್ಲವರಾದರೆ ಸಾಲದು, ಆಯಿ ಮನಸ್ಸು ಬಿಚ್ಚುವಂಥವರಾಗಿರಬೇಕು.

“ಅಲ್ಲಿ ಯಾರೂ ಇಲ್ಲ” ಎಂದು ವಾದಿಸಿ ಗೆದ್ದವರಿಲ್ಲ. “ನಿನಗ ಹೆದರಿಕಿ ಆಗ್ತದೇನ ಆಯಿ?” ಎಂದು ಕೇಳಿ. ಆಕೆ ಇಲ್ಲವೆಂದರೆ ಎಷ್ಟೋ ಸಲ ಭ್ರಮೆಯ ಔಷಧ ಕಾಯಬಹುದು.

ನೆರಳು ಪೂರ್ತಿ ಹೋಗಬೇಕೋ, ಅಂಗಳದವರೆಗೆ ನಡೆಯುವಷ್ಟು ಕಾಲು ಉಳಿಯಬೇಕೋ? ಎರಡೂ ಸಿಗದ ದಿನ ಉತ್ತರ ಹೇಳುವವರಲ್ಲಿ ಮೊದಲಿಗಳು ಆಯಿ.