ಕಾಯಕದ ಫಲಕ್ಕೆ ಒಡೆಯರಾರು?

ಶರಣಧರ್ಮಕ್ಕೆ ಕಾಯಕವು ಅಡಿಗಲ್ಲು, ದಾಸೋಹವು ಕಳಶ. ಇವೆರಡರ ನಡುವೆ ಗೃಹಸ್ಥನು ಪರಾಂಬರಿಸಲೇಬೇಕಾದ ಪ್ರಶ್ನೆಯೊಂದು ಅಡಗಿದೆ. ದುಡಿದವನ ಬೆವರಿನ ಫಲವು ದಾಸೋಹದ ಮನೆಯನ್ನು ಮುಟ್ಟುವ ಮುನ್ನವೇ ಬೇರೊಂದು ಕೈ ನಡುವೆ ಬಂದು ಅದರಲ್ಲಿ ಪಾಲೆತ್ತಿಕೊಂಡರೆ, ಆ ಕೈಗೆ ಆ ಅಧಿಕಾರವನ್ನು ಕೊಟ್ಟವರಾರು? ಅಂಥ ಕೈಗಳು ಮೂರು ಬಗೆಯವು. ಕಂದಾಯ ಕೇಳುವ ಪ್ರಭುತ್ವದ ಕೈ ಮೊದಲನೆಯದು. ನಾಣ್ಯವನ್ನು ಆಳುವವರ ಕಾಣದ ಕೈ ಎರಡನೆಯದು. ನ್ಯಾಯದ ಹೆಸರಿನಲ್ಲಿ ನೆರೆದ ಕೂಟದ ಕೈ ಮೂರನೆಯದು.

ವ್ಯಕ್ತಿಸ್ವಾತಂತ್ರ್ಯವೇ ಪರಮವೆಂದು ಸಾರುವ ಪಂಥವೊಂದು ಈ ಮೂರನ್ನೂ ಸಂಶಯದಿಂದ ನೋಡುತ್ತದೆ. ಸರಕಾರದ ಅಧಿಕಾರವು ಬೆಳೆದಷ್ಟೂ ಪ್ರಜೆಯ ಅಧಿಕಾರವು ಕುಗ್ಗುವುದೆಂದೂ, ಹಣವನ್ನು ಸೃಷ್ಟಿಸುವ ಏಕಸ್ವಾಮ್ಯವನ್ನು ಸರಕಾರದ ಕೈಯಲ್ಲಿಡುವುದು ಅಪಾಯವೆಂದೂ ಅದರ ವಾದ. ಹಾಯೆಕ್ ಎಂಬ ಪಂಡಿತನು 1976ರಲ್ಲಿ ಈ ಏಕಸ್ವಾಮ್ಯವನ್ನೇ ರದ್ದುಪಡಿಸಬೇಕೆಂದು ಗ್ರಂಥ ಬರೆದನು. ಪರದೇಶದ ಮಾತೆಂದು ಇದನ್ನು ತಳ್ಳುವುದೂ ಸಲ್ಲದು. ಹೊಸ ಮಾತೆಂದು ಕಣ್ಮುಚ್ಚಿ ಒಪ್ಪುವುದೂ ಸಲ್ಲದು. ಶರಣರ ಒರೆಗಲ್ಲಿಗೂ ಈ ನೆಲದ ಇತಿಹಾಸಕ್ಕೂ ಅದನ್ನು ತಿಕ್ಕಿ ನೋಡುವುದೇ ವಿವೇಕ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ಎಲ್ಲ ಭಕ್ತರಿಗೂ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ತಮ್ಮ ಕಾಯಕಕ್ಕೆ ಸಂದದ್ದಲ್ಲವೆಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ಅಕ್ಕಿಯ ರಾಶಿಗೆ ಕಾವಲಿರಲಿಲ್ಲ, ತಂದವನನ್ನು ಕೇಳುವವರೂ ಇರಲಿಲ್ಲ. ಆದರೂ ತನ್ನದಲ್ಲದ್ದು ತನ್ನದಲ್ಲವೇ ಆಗಿತ್ತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಅರಸನ ಹಣವನ್ನು ಜಂಗಮರಿಗೆ ಸವೆಸಿದರೆಂಬ ದೂರು ಬಂದುದನ್ನೂ, ಭಂಡಾರವನ್ನು ಎಣಿಸಿ ನೋಡಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂಬುದನ್ನೂ ಪುರಾಣಪರಂಪರೆಯು ಹೇಳುತ್ತದೆ. ದಾಸೋಹದಂಥ ಪುಣ್ಯಕಾರ್ಯಕ್ಕೂ ಪರರ ಹಣವನ್ನು ಕೇಳದೆ ಬಳಸಬಾರದೆಂಬುದು ಈ ಕಥೆಯ ತಿರುಳಲ್ಲವೆ? ಬೊಕ್ಕಸದ ಕೀಲಿಕೈ ಹಿಡಿದವನು ಬೊಕ್ಕಸದ ಒಡೆಯನಲ್ಲ.

ಇದೇ ಸೂತ್ರವನ್ನು ಹಿಡಿದು ತರೀಕೆರೆ, ಅಜ್ಜಂಪುರ, ಶಿವನಿಯ ಸೀಮೆಯ ಇತಿಹಾಸವನ್ನು ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಂದಾಯದ ವಸೂಲಿಗೆ ಶರತ್ತಿನ ಪದ್ಧತಿಯು ಬಳಕೆಗೆ ಬಂದಿತು. ಇಂತಿಷ್ಟು ಮೊತ್ತವನ್ನು ಬೊಕ್ಕಸಕ್ಕೆ ತುಂಬುವೆನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು. ಕೊರತೆ ಬಿದ್ದರೆ ಅದಕ್ಕೆ ಅವನೇ ಹೊಣೆ. ಇದರ ಪರಿಣಾಮವು ಸುಲಭವಾಗಿ ಊಹಿಸತಕ್ಕದ್ದು. ಮಳೆ ಬಂದಿತೇ, ಬೆಳೆ ಕೈಗೆ ಹತ್ತಿತೇ ಎಂಬುದನ್ನು ಕೇಳುವ ಅಗತ್ಯವೇ ಅವನಿಗೆ ಉಳಿಯಲಿಲ್ಲ. ಸಾಲದುದಕ್ಕೆ ಮದುವೆಗೆ, ಮಗುವಿನ ಜನನಕ್ಕೆ, ನಾಮಕರಣಕ್ಕೆ ಸಹ ಅಲ್ಲಲ್ಲಿ ತೆರಿಗೆಗಳು ಹಬ್ಬಿದ್ದವು. 1830ರಲ್ಲಿ ನಗರ ಸೀಮೆಯ ರೈತರು ಹೊಸಂತೆಯಲ್ಲಿ ಕೂಟ ಸೇರಿದರು. ಕಂದಾಯ ಕೊಡುವುದನ್ನು ನಿಲ್ಲಿಸಿದರು. ತಮ್ಮ ಅಹವಾಲನ್ನು ಕೇಳಿರಿ, ಹೊರೆಯನ್ನು ಇಳಿಸಿರಿ ಎಂಬುದಷ್ಟೇ ಅವರ ಮೊದಲ ಬೇಡಿಕೆಯಾಗಿತ್ತು. ಪರರ ಕಾಳನ್ನು ಅವರು ಕೇಳಲಿಲ್ಲ, ತಮ್ಮ ಕಣದಿಂದ ಕೈ ತೆಗೆಯಿರೆಂದರು. ಈ ಬೇಡಿಕೆಯಲ್ಲಿ ದೋಷವನ್ನು ಹುಡುಕುವುದು ಕಷ್ಟ.

ಆದರೆ ಕೂಟವು ಬಹುಕಾಲ ರೈತರ ಕೈಯಲ್ಲಿ ಉಳಿಯಲಿಲ್ಲ. ಕೆಳದಿಯ ಅರಸುಮನೆತನದ ವಾರಸುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನಾಯಕನು ಅದರ ಮುಂದಾಳಾದನು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ಮೈಸೂರನ್ನು ಬಿಟ್ಟು ಬಂದು ತನ್ನ ಹಿರಿಯರ ದುರ್ಗಗಳನ್ನು ಹಿಡಿದನು. ಹೊರೆ ಇಳಿಸಿರೆಂದು ಎದ್ದ ಕೂಗು ಸಿಂಹಾಸನದ ಕಾಳಗವಾಗಿ ಮಾರ್ಪಟ್ಟಿತು. ಪಾಳೆಯಗಾರರ ಪಡೆಗಳೂ ಸರಕಾರದ ದಂಡೂ ತುಳಿದಾಡಿದ ಊರುಗಳಲ್ಲಿ ಸುಲಿಗೆಗೊಳಗಾದವನು ಮತ್ತದೇ ರೈತ. ಕೆಳದಿಯದು ವೀರಶೈವ ಮನೆತನವಾದುದರಿಂದ ಆ ಹೆಸರಿಗೆ ಭಕ್ತರ ಮನಸ್ಸು ಕರಗಿದ್ದರೆ ಆಶ್ಚರ್ಯವಿಲ್ಲ. ಆದರೆ ಹಣೆಯ ವಿಭೂತಿಯು ಕೈಯ ಲೋಭವನ್ನು ತೊಳೆಯಲಾರದು. ಕೊನೆಗೆ 1831ರ ಅಕ್ಟೋಬರಿನಲ್ಲಿ ಬೆಂಟಿಂಕನು ಮೈಸೂರಿನ ಆಡಳಿತವನ್ನೇ ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಅದು ಅರಸುಮನೆತನಕ್ಕೆ ಹಿಂದಿರುಗಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಕಮಿಷನರ್ ಕಬ್ಬನ್ನನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವೆಂಬುದು ನಿಜ. ಅಷ್ಟರಮಟ್ಟಿಗೆ ಕೂಟವು ವ್ಯರ್ಥವಾಗಲಿಲ್ಲ. ಆದರೆ ಒಂದು ಪ್ರಭುತ್ವಕ್ಕೆ ಮಿತಿ ಬೇಡಿದವರಿಗೆ ದೊರೆತದ್ದು ಅದಕ್ಕಿಂತ ಬಲವಾದ ಇನ್ನೊಂದು ಪ್ರಭುತ್ವ.

ಅಮಲ್ದಾರನ ಕೈ ಕಾಣುತ್ತಿದ್ದ ಕೈ. ಆದುದರಿಂದಲೇ ರೈತನಿಗೆ ಅದನ್ನು ತಡೆಯಲು ಬುದ್ಧಿ ಹೊಳೆಯಿತು. ನಾಣ್ಯದ ಮೂಲಕ ನುಸುಳುವ ಕೈಯಾದರೋ ಕಾಣುವುದಿಲ್ಲ. ಭಾರತದ ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಕೆಲಸವನ್ನು ಆರಂಭಿಸಿತು. 1949ರ ಜನವರಿ 1ರಂದು ರಾಷ್ಟ್ರದ ಸೊತ್ತಾಯಿತು. ಹೊರಡಿಸಿದ ನೋಟುಗಳ ನೂರಕ್ಕೆ ನಲವತ್ತು ಪಾಲಿನಷ್ಟು ಚಿನ್ನವನ್ನೂ ವಿದೇಶೀ ಪತ್ರಗಳನ್ನೂ ಆಧಾರವಾಗಿ ಇಟ್ಟಿರಬೇಕೆಂಬುದು ಮೂಲದ ಕಟ್ಟಳೆ. 1956ರಲ್ಲಿ ಈ ಕಟ್ಟಳೆಯನ್ನು ತೆಗೆದುಹಾಕಿ ಒಂದು ಕನಿಷ್ಠ ಮೊತ್ತವಿದ್ದರೆ ಸಾಕೆಂದು ಮಾಡಿದರು; 1957ರಲ್ಲಿ ಆ ಮೊತ್ತವನ್ನು 200 ಕೋಟಿ ರೂಪಾಯಿಗೆ ಇಳಿಸಿದರು. ಅಂದಿನಿಂದ ನೋಟಿನ ರಾಶಿ ಎಷ್ಟು ಬೆಳೆದರೂ ಆಧಾರವು ಅದರೊಡನೆ ಬೆಳೆಯಬೇಕೆಂಬ ಕಾನೂನಿನ ಬಂಧನವಿಲ್ಲ.

ಇದನ್ನು ಮುಂಗಂಡು ಎಚ್ಚರಿಸಿದವರು ಕರಾವಳಿಯ ಮಂಗಳೂರು ಸೀಮೆಯವರೇ ಆದ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ. ರಿಸರ್ವ್ ಬ್ಯಾಂಕಿನಲ್ಲಿಯೇ ಸೇವೆ ಸಲ್ಲಿಸಿ ಅದರ ಒಳಹೊರಗನ್ನು ಅರಿತಿದ್ದವರು ಅವರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ನೇಮಕವಾದ ಅರ್ಥಶಾಸ್ತ್ರಜ್ಞರ ಮಂಡಲಿಯು 1955ರಲ್ಲಿ ಯೋಜನೆಯ ಚೌಕಟ್ಟನ್ನು ಒಪ್ಪಿದಾಗ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಆ ಯೋಜನೆಯ ಸರಕಾರೀ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಕೊರತೆಯ ಹಣದಿಂದ, ಎಂದರೆ ಮುಖ್ಯವಾಗಿ ಹೊಸದಾಗಿ ಹುಟ್ಟಿಸಿದ ಹಣದಿಂದ, ತುಂಬುವುದೆಂದು ಗೊತ್ತಾಗಿತ್ತು. ಜನರು ಉಳಿಸಿದ್ದಕ್ಕಿಂತ ಹೆಚ್ಚಾಗಿ ಹಣವನ್ನು ಹುಟ್ಟಿಸಿದರೆ ಬೆಲೆಗಳು ಏರುವುವೆಂದೂ, ಸರಕಾರದ ಹತೋಟಿಗಳು ಬೆಳೆದು ಪ್ರಜಾಸತ್ತೆಗೇ ಕುತ್ತಾಗುವುದೆಂದೂ ಶೆಣೈಯವರು ವಾದಿಸಿದರು. ಮಾತು ಯಾರಿಗೂ ರುಚಿಸಲಿಲ್ಲ. ಎರಡೇ ವರ್ಷಗಳಲ್ಲಿ ದೇಶವು ವಿದೇಶೀ ವಿನಿಮಯದ ಮುಗ್ಗಟ್ಟಿಗೆ ಸಿಲುಕಿತು.

ಹೊಸ ಹಣವು ಎಲ್ಲರ ಮನೆಗೆ ಒಂದೇ ದಿನ ಬರುವುದಿಲ್ಲ. ಮೊದಲು ಪಡೆದವನು ಹಳೆಯ ಬೆಲೆಗೆ ಕೊಳ್ಳುತ್ತಾನೆ. ಕೈಯಿಂದ ಕೈಗೆ ಸಾಗಿ ಅದು ಕೂಲಿಯವನನ್ನು ತಲುಪುವ ಹೊತ್ತಿಗೆ ಬೆಲೆಗಳು ಏರಿರುತ್ತವೆ. 2016ರಿಂದ ಈಚೆಗೆ ಬೆಲೆಗಳ ಏರಿಕೆಯನ್ನು ವರ್ಷಕ್ಕೆ ನೂರಕ್ಕೆ ನಾಲ್ಕರ ಸುಮಾರಿನಲ್ಲಿ ಇರಿಸುವುದೇ ರಿಸರ್ವ್ ಬ್ಯಾಂಕಿನ ಗುರಿಯೆಂದು ಗೊತ್ತುಪಡಿಸಲಾಗಿದೆ. ಈ ಗುರಿಯು ತಪ್ಪದೆ ನಡೆದರೂ, ಅಜ್ಜಿಯೊಬ್ಬಳು ಪೆಟ್ಟಿಗೆಯಲ್ಲಿಟ್ಟ ಸಾವಿರ ರೂಪಾಯಿ ಹದಿನೆಂಟು ವರ್ಷಗಳಲ್ಲಿ ಐನೂರು ರೂಪಾಯಿಯ ಪದಾರ್ಥವನ್ನಷ್ಟೇ ತರಬಲ್ಲದು. ಬೀಗ ಒಡೆದಿಲ್ಲ, ನೋಟು ಕಳೆದಿಲ್ಲ, ಅರ್ಧವು ಹೋಗಿದೆ. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಲಕ್ಕಮ್ಮನ ನ್ಯಾಯದಲ್ಲಿ ಇದಕ್ಕೆ ಏನು ಹೆಸರು?

ಹಾಗಾದರೆ ಪ್ರಭುತ್ವವೂ ಬೇಡ, ರಿಸರ್ವ್ ಬ್ಯಾಂಕೂ ಬೇಡ ಎನ್ನಬಹುದೇ? ಅಲ್ಲಿಯೇ ಆ ಪಂಥದ ವಾದವು ಎಡವುತ್ತದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು ಕುಸಿಯಿತು; 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದುದು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ಒಂದೊಂದು ಮಠದ, ಒಂದೊಂದು ಮನೆಯ ದಾಸೋಹವು ಎಷ್ಟೆಂದು ಸಾಕಾದೀತು? ಸೀಮೆಯಿಂದ ಸೀಮೆಗೆ ಧಾನ್ಯವನ್ನು ಸಾಗಿಸುವ ಬೊಕ್ಕಸವಿರಲೇಬೇಕು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿ ಠೇವಣಿದಾರರು ಕಂಗೆಟ್ಟ ಮೇಲೆಯೇ 1962ರಲ್ಲಿ ಠೇವಣಿಗಳ ವಿಮೆಯು ಜಾರಿಗೆ ಬಂದಿತು. ಇಂದು ಸಾಮಾನ್ಯನಿಗೆ ಬ್ಯಾಂಕಿನಲ್ಲಿ ಹಣವಿಡುವ ಧೈರ್ಯವಿರುವುದು ಅಂಥ ಕಟ್ಟುಪಾಡುಗಳಿಂದ. ಸರಕಾರದ ಕೈ ಬಾರದ ಹಳ್ಳಿಗಳಲ್ಲಿ ಸಾಹುಕಾರನ ಬಡ್ಡಿಯ ಕೈ ರೈತನಿಗೆ ಹಗುರವಾಗಿತ್ತೆಂದು ಯಾವ ವೃದ್ಧನೂ ಹೇಳಲಾರನು.

ಇನ್ನು ಕೂಟಗಳ ಮಾತು. 1980ರ ಜುಲೈಯಲ್ಲಿ ನವಲಗುಂದ ನರಗುಂದಗಳ ರೈತರು ಮಲಪ್ರಭೆಯ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತರು. ಅದರ ಬೆನ್ನಲ್ಲಿ ಹುಟ್ಟಿದ ರೈತಸಂಘವು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಹಳ್ಳಿಗಳ ಬಾಗಿಲಲ್ಲಿ ಫಲಕಗಳನ್ನು ನಿಲ್ಲಿಸಿತು. ಅದು 1830ರ ಕೂಟದ ಮೊದಲ ದನಿಯೇ. ಆದರೆ ಎಲ್ಲ ಕೂಗುಗಳೂ ಆ ಜಾತಿಯವಲ್ಲ. ಅಜ್ಜಂಪುರ ಶಿವನಿಗಳ ಈರುಳ್ಳಿಯ ಬೆಳೆಗಾರನು ಇದನ್ನು ಚೆನ್ನಾಗಿ ಬಲ್ಲನು. ಬೆಲೆ ಬಿದ್ದಾಗ ಬೆಳೆಗಾರರು ರಸ್ತೆಗಿಳಿದು ಸರಕಾರವೇ ಕೊಳ್ಳಲೆನ್ನುತ್ತಾರೆ. ಬೆಲೆ ಏರಿದಾಗ ಪೇಟೆಯವರು ಕೂಗಿ ಸರಕಾರವೇ ಇಳಿಸಲೆನ್ನುತ್ತಾರೆ. 2019ರ ಸೆಪ್ಟೆಂಬರಿನಲ್ಲಿ, 2020ರ ಸೆಪ್ಟೆಂಬರಿನಲ್ಲಿ, 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಈರುಳ್ಳಿಯ ರಫ್ತನ್ನು ನಿಷೇಧಿಸಿತು. ನಾಲ್ಕು ಕಾಸು ಕಾಣುವ ಹೊತ್ತಿನಲ್ಲಿ ಬೆಳೆಗಾರನ ಬಾಗಿಲು ಮುಚ್ಚಿತು. ಒಂದು ಕೂಟವು ಇನ್ನೊಂದರ ವಿರುದ್ಧವಾಗಿ ಕಂಡರೂ ಎರಡೂ ಬಲಪಡಿಸುವುದು ಒಂದೇ ಕೈಯನ್ನು. ಇಂದು ತನಗಾಗಿ ನೆರೆಯವನ ಜೇಬಿಗೆ ಹಾಕಿಸಿದ ಕೈ ನಾಳೆ ನೆರೆಯವನಿಗಾಗಿ ತನ್ನ ಜೇಬಿಗೆ ಬರುವುದನ್ನು ತಡೆಯುವ ನೈತಿಕ ಬಲವು ಯಾರಿಗೂ ಉಳಿಯುವುದಿಲ್ಲ.

ಹೀಗೆ ನೋಡಿದರೆ ಶರಣಮಾರ್ಗವು ಸ್ವಾತಂತ್ರ್ಯವಾದಿಗಳೊಡನೆ ಸ್ವಲ್ಪ ದೂರ ನಡೆದು, ಅಲ್ಲಿಂದ ಬೇರೆಯಾಗುತ್ತದೆ. ಬಲವಂತದಿಂದ ಕಸಿದುಕೊಂಡದ್ದು ದಾಸೋಹವಲ್ಲವೆಂಬಲ್ಲಿ ಇಬ್ಬರೂ ಒಂದು. ಕಸಿದುಕೊಂಡವನಿಗೆ ಪುಣ್ಯವಿಲ್ಲ, ಕಳೆದುಕೊಂಡವನಿಗೂ ಪುಣ್ಯವಿಲ್ಲ. ಆದರೆ ದುಡಿದವನು ತನ್ನ ಫಲಕ್ಕೆ ಕಟ್ಟಕಡೆಯ ಒಡೆಯನೆಂದು ಅವರು ಹೇಳಿದರೆ, ಶರಣರು ಅವನನ್ನು ಭಂಡಾರಿ ಎನ್ನುತ್ತಾರೆ. ತನುಮನಧನಗಳು ಗುರುಲಿಂಗಜಂಗಮಕ್ಕೆ ಸಂದವು. ಆ ಭಂಡಾರಿಯ ಕೈಯಿಂದ ಕೀಲಿಯನ್ನು ಕಿತ್ತುಕೊಳ್ಳುವುದು ಅನ್ಯಾಯ; ಕೀಲಿ ತನ್ನಲ್ಲಿದೆಯೆಂದು ಹಸಿದವನ ಮುಂದೆ ಬಾಗಿಲು ಹಾಕುವುದೂ ಅನ್ಯಾಯ. ಕಂದಾಯವು ದಾಸೋಹವಲ್ಲ; ಒಟ್ಟು ಬಾಳಿನ ವೆಚ್ಚಕ್ಕೆ ಎಲ್ಲರೂ ಕೊಡುವ ಪಾಲು ಅದು. ಅದು ಕೊಡುವವನ ಕಣ್ಣಿಗೆ ಕಾಣುವಂತಿರಬೇಕು, ಮೊದಲೇ ಗೊತ್ತಾದ ಅಳತೆಯುಳ್ಳದ್ದಾಗಿರಬೇಕು, ಕೇಳಿದಾಗ ಲೆಕ್ಕ ಒಪ್ಪಿಸುವಂತಿರಬೇಕು. ನಾಣ್ಯವನ್ನು ಸವೆಸಿ ಎತ್ತಿದ ಪಾಲು ಈ ಪರೀಕ್ಷೆಯಲ್ಲಿ ಮೊದಲನೆಯ ಮೆಟ್ಟಿಲಲ್ಲೇ ಸೋಲುತ್ತದೆ.

ಇದೇ ಅಳತೆಯು ಮಠಮಾನ್ಯಗಳಿಗೂ ಸಲ್ಲುತ್ತದೆ. ಊರವರೆದುರು ಹೆಸರು ಕರೆದು, ನಾಚಿಕೆಗೆ ಸಿಕ್ಕಿಸಿ ಪಡೆದ ಕಾಣಿಕೆಯು ಶರತ್ತಿನ ಅಮಲ್ದಾರನ ವಸೂಲಿಗೆ ಸೋದರನೇ ಹೊರತು ಭಕ್ತಿಗೆ ಬಂಧುವಲ್ಲ. ಜಾತ್ರೆಯ ಲೆಕ್ಕವನ್ನು ಭಕ್ತರೆದುರು ಓದುವ ಮಠವು ಸರಕಾರದಿಂದ ಲೆಕ್ಕ ಕೇಳುವ ಅಧಿಕಾರವನ್ನು ಭಕ್ತರಿಗೆ ಕಲಿಸುತ್ತದೆ.

ಆದುದರಿಂದ ಭಕ್ತನು ಕೂಟಕ್ಕೆ ಸೇರುವ ಮುನ್ನ ತನ್ನ ಬೇಡಿಕೆಯನ್ನು ಒಮ್ಮೆ ಇಷ್ಟಲಿಂಗದ ಮುಂದಿಟ್ಟು ನೋಡಲಿ. ತನ್ನ ಕಣದಿಂದ ಕೈ ತೆಗೆಯಿರೆಂಬ ಬೇಡಿಕೆಯಾದರೆ ಅಂಜದೆ ಹೇಳಲಿ. ನೆರೆಯವನ ಕಣಕ್ಕೆ ಕೈ ಹಾಕಿರೆಂಬುದಾದರೆ, ಎಷ್ಟು ಜನ ನೆರೆದಿದ್ದರೂ ಅಲ್ಲಿಂದ ಹಿಂದಿರುಗಲಿ. ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ್ದು ಹಿಡಿಯಷ್ಟು ಅಕ್ಕಿಯನ್ನು. ಅಷ್ಟನ್ನು ಹಿಂದಿರುಗಿಸಬಲ್ಲ ಮನೆಗಳು ಊರಿನಲ್ಲಿ ಹೆಚ್ಚಿದಂತೆ, ಯಾವ ಪ್ರಭುತ್ವಕ್ಕೂ ಆ ಊರನ್ನು ಕೇಳದೆ ಮುಟ್ಟುವ ಎದೆಗಾರಿಕೆ ಕಡಿಮೆಯಾಗುವುದು.