ರೂಪಾಯಿ ಬಿದ್ದ ದಿನ

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬಳಿಕ ಮಕ್ಕಳು ಸರದಿಯಂತೆ ಪೇಪರಿನ ಮುಖ್ಯ ಸುದ್ದಿಗಳನ್ನು ಓದುವ ಪದ್ಧತಿ. 2013ರ ಆಗಸ್ಟ್ ಕೊನೆಯ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಗಂಟಲು ಸರಿಮಾಡಿಕೊಂಡು ಓದಿದಳು: ರೂಪಾಯಿ ಹಿಂದೆಂದೂ ಇಲ್ಲದಷ್ಟು ಕುಸಿದಿದೆ, ಒಂದು ಡಾಲರಿಗೆ 68 ರೂಪಾಯಿ ದಾಟಿದೆ. ಸಾಲಿನ ಹಿಂದೆ ನಿಂತಿದ್ದ ನನ್ನ ಮನಸ್ಸು ಆ ಮಾತು ಕೇಳಿದ್ದೇ ಅರಳಿತು. ಅದಾದ ಮರುಕ್ಷಣವೇ ಮಕ್ಕಳೆಲ್ಲ ಸೇರಿ ರಾಷ್ಟ್ರಗೀತೆ ಹಾಡಿದರು. ನಾನೂ ಹಾಡಿದೆ.

ಆ ದಿನ ಸಮಾಜ ವಿಜ್ಞಾನದ ಪಾಠದಲ್ಲಿ ಅದೇ ಹುಡುಗಿ ಎದ್ದು ಕೇಳಿದಳು, "ಟೀಚರ್, ರೂಪಾಯಿ ಬಿದ್ದರೆ ಯಾರಿಗಾದರೂ ಲಾಭ ಉಂಟಾ?" ರಫ್ತು ಮಾಡುವವರಿಗೆ ಲಾಭ, ಆಮದು ಮಾಡುವವರಿಗೆ ನಷ್ಟ ಎಂದು ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿದೆ. ಅದು ಸುಳ್ಳಲ್ಲ. ಆದರೆ ನಿಜವಾದ ಉತ್ತರ 'ನನಗೆ' ಎಂಬುದಾಗಿತ್ತು.

ನನ್ನ ತಮ್ಮ ದುಬೈಯಲ್ಲಿದ್ದಾನೆ. ನಮ್ಮ ಕರಾವಳಿಯಲ್ಲಿ ಇದು ಹೇಳಿಕೊಳ್ಳುವಂಥ ಸಂಗತಿಯೇನೂ ಅಲ್ಲ. ಕುಂದಾಪುರದಿಂದ ಮಂಗಳೂರಿನವರೆಗೆ ಬಸ್ಸಿನಲ್ಲಿ ಕುಳಿತು ಎರಡೂ ಬದಿಯ ಮನೆಗಳನ್ನು ನೋಡಿದರೆ ಯಾವುದು ಗಲ್ಫಿನ ದುಡ್ಡು ಎಂದು ಪೇಂಟಿನ ಬಣ್ಣವೇ ಹೇಳುತ್ತದೆ. ಅಲ್ಲಿಯ ದಿರ್‌ಹಂ 1997ರಿಂದಲೂ ಡಾಲರಿಗೆ ಕಟ್ಟಿ ಹಾಕಿದ ಹಸು. ಒಂದು ಡಾಲರಿಗೆ ಮೂರೂಮುಕ್ಕಾಲಿಗಿಂತ ತುಸು ಕಡಿಮೆ ದಿರ್‌ಹಂ. ಆ ಲೆಕ್ಕ ಅಲುಗುವುದಿಲ್ಲ. ಹಾಗಾಗಿ ಡಾಲರಿನ ಎದುರು ರೂಪಾಯಿ ಬಿದ್ದರೆ ದಿರ್‌ಹಮಿನ ಎದುರೂ ಬಿದ್ದಂತೆಯೇ.

ಆ ವರ್ಷ ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ತಮ್ಮ ಅದಕ್ಕಾಗಿ ಹನ್ನೆರಡು ಸಾವಿರ ದಿರ್‌ಹಂ ಕೂಡಿಸಿ ಇಟ್ಟಿದ್ದ. ಜುಲೈ ಮೊದಲ ವಾರದಲ್ಲಿ ಫೋನು ಮಾಡಿ, "ಕಳಿಸುದಾ ಅಕ್ಕ? ಈಗ ಹದಿನಾರೂಕಾಲು ಉಂಟು" ಎಂದ. ಮೇ ತಿಂಗಳಲ್ಲಿ ಹದಿನೈದರ ಹತ್ತಿರ ಇದ್ದದ್ದು ಅಷ್ಟಕ್ಕೆ ಏರಿತ್ತು. ನಾನು ಬಿಎ ಓದಿದವಳು, ಪೇಪರು ಓದುವವಳು. "ಸ್ವಲ್ಪ ತಡಿ ಮಾರಾಯ, ಇನ್ನೂ ಏರ್ತದೆ" ಎಂದೆ.

ಏರಿತು. ಒಂದೊಂದು ರೂಪಾಯಿ ಏರಿದಾಗಲೂ ನಮಗೆ ಹನ್ನೆರಡು ಸಾವಿರ ಹೆಚ್ಚು. ಅದು ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ರಾತ್ರಿ ಊಟವಾದ ಮೇಲೆ ಹಳೆಯ ಡೈರಿಯಲ್ಲಿ ಲೆಕ್ಕ ಬರೆದಿಡುವುದು ನನಗೊಂದು ಚಟವೇ ಆಯಿತು. ಹದಿನೇಳು, ಹದಿನೇಳೂವರೆ, ಹದಿನೆಂಟು. ಪಕ್ಕದ ಕೋಣೆಯಲ್ಲಿ ಅಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಮುಂದಕ್ಕೆ ತಳ್ಳಿ, ಅದರ ಬೆನ್ನು ಹಿಡಿದುಕೊಂಡು ಒಂದು ಹೆಜ್ಜೆ, ಮತ್ತೆ ತಳ್ಳಿ ಒಂದು ಹೆಜ್ಜೆ ಇಡುತ್ತ ಬಚ್ಚಲಿಗೆ ಹೋಗುತ್ತಿದ್ದಳು. ಕಾವಿ ನೆಲದ ಮೇಲೆ ಕುರ್ಚಿಯ ಕಾಲು ಕೀರಿಡುವ ಸದ್ದು ಮಳೆಯ ಸದ್ದಿನ ನಡುವೆಯೂ ಕೇಳುತ್ತಿತ್ತು. "ಯಾವಾಗ ಮಗಾ ಆಸ್ಪತ್ರೆಗೆ?" ಎಂದು ಎರಡು ಬಾರಿ ಕೇಳಿದಳು. ಮಳೆಗಾಲ ಮುಗಿಯಲಿ ಅಮ್ಮ, ಗಾಯಕ್ಕೆ ಥಂಡಿ ಆಗಬಾರದು ಎಂದೆ. ಮೂರನೇ ಬಾರಿ ಅವಳು ಕೇಳಲಿಲ್ಲ.

ಆಗಸ್ಟ್ ಕೊನೆಗೆ ದಿರ್‌ಹಮಿಗೆ ಹದಿನೆಂಟೂವರೆ ದಾಟಿದಾಗ ತಮ್ಮ ಮತ್ತೆ ಕೇಳಿದ. ಇಪ್ಪತ್ತಾಗಲಿ ಎಂದೆ. ಸೆಪ್ಟೆಂಬರ್ 4ಕ್ಕೆ ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರಾಗಿ ಬಂದರು, ರೂಪಾಯಿ ಚೇತರಿಸಿಕೊಳ್ಳತೊಡಗಿತು. ದೇಶಕ್ಕೆಲ್ಲ ಅದು ನೆಮ್ಮದಿಯ ಸುದ್ದಿ. ನಾನೊಬ್ಬಳು ಮಾತ್ರ ಮುಖ ಸಣ್ಣದು ಮಾಡಿಕೊಂಡು ಪೇಪರು ಮಡಿಸುತ್ತಿದ್ದೆ. ಕೊನೆಗೆ ಅಕ್ಟೋಬರಿನಲ್ಲಿ ಹದಿನಾರೂಮುಕ್ಕಾಲಿಗೆ ಕಳಿಸಿದ. ಜುಲೈಯಲ್ಲಿ ಕಳಿಸಿದ್ದರೆ ಬರುತ್ತಿದ್ದುದಕ್ಕಿಂತ ಆರು ಸಾವಿರ ರೂಪಾಯಿ ಜಾಸ್ತಿ.

ಕಾದದ್ದರಿಂದ ನಷ್ಟವಾಗಿದ್ದರೆ ದುರಾಸೆಗೆ ತಕ್ಕ ಶಾಸ್ತಿ ಎಂದು ಸುಮ್ಮನಾಗಬಹುದಿತ್ತು. ಆದರೆ ಲಾಭವೇ ಆಯಿತು. ಮೂರು ತಿಂಗಳ ನೋವಿಗೆ ಆರು ಸಾವಿರ, ಅಂದರೆ ತಿಂಗಳಿಗೆ ಎರಡು ಸಾವಿರ. ಅಮ್ಮನ ಕಾಲಿಗೆ ನಾನು ಕಟ್ಟಿದ ಬಾಡಿಗೆ ಅದು. ಇದನ್ನು ಈವರೆಗೆ ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ರೂಪಾಯಿಯನ್ನು ನಾವೇನು ಕೈಯಾರೆ ಬೀಳಿಸಿದೆವೇ, ಬಿದ್ದಾಗ ನಾಲ್ಕು ಕಾಸು ಹೆಚ್ಚು ಬಂದರೆ ಸಂತೋಷಪಡುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಬಹಳ ದಿನ ಹಾಗೆಯೇ ವಾದಿಸಿಕೊಂಡೆ. ಒಬ್ಬ ಮಗಳನ್ನು ಕುಂಬಾರನಿಗೂ ಇನ್ನೊಬ್ಬಳನ್ನು ರೈತನಿಗೂ ಕೊಟ್ಟ ತಂದೆಯ ಕತೆ ನಮ್ಮ ಅಜ್ಜಿ ಹೇಳುತ್ತಿದ್ದಳು. ಮಳೆ ಬಂದರೆ ಒಬ್ಬಳಿಗೆ ಅಳು, ಬಾರದಿದ್ದರೆ ಇನ್ನೊಬ್ಬಳಿಗೆ. ಆದರೆ ಆ ತಂದೆಗೆ ಇಬ್ಬರೂ ಮಕ್ಕಳು. ನನಗೆ ಹಾಗಿರಲಿಲ್ಲ. ನಮ್ಮ ಶಾಲೆಯ ಆಯಾಗೆ ವಿದೇಶದಲ್ಲಿ ಯಾರೂ ಇಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದ ಬಹುಪಾಲನ್ನೂ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನೂ ನಾವು ಹೊರಗಿನಿಂದಲೇ ತರುವುದು. ರೂಪಾಯಿ ಬಿದ್ದರೆ ಅವಳ ಪಾಮೆಣ್ಣೆಯ ಪ್ಯಾಕೆಟ್ಟಿಗೂ ಅವಳು ಬರುವ ಬಸ್ಸಿನ ಟಿಕೆಟ್ಟಿಗೂ ಅದು ಬಂದು ತಟ್ಟುತ್ತದೆ. ಅವಳಿಗೆ ಡಾಲರು ಎಂದರೇನೆಂದು ಗೊತ್ತಿಲ್ಲ, ಆದರೂ ಅದರ ಪಾಲನ್ನು ಅವಳು ಕೊಟ್ಟಾಗಿರುತ್ತದೆ.

ಇನ್ನೊಂದು ಮಾತು ನನಗೆ ಹೊಳೆದದ್ದು ತೀರ ತಡವಾಗಿ. ರೂಪಾಯಿ ಬಿದ್ದಾಗ ನಮಗೆ ಬರುವುದು ಹೆಚ್ಚುತ್ತದೆಯೇ ಹೊರತು ಅವನ ಸಂಬಳವಲ್ಲ. ಅವನ ಕೋಣೆಯ ಬಾಡಿಗೆ, ಊಟ, ಬಸ್ಸು ಎಲ್ಲವೂ ದಿರ್‌ಹಮಿನಲ್ಲೇ. ಆಗಿನ ರಜೆಯ ದಿನವಾದ ಶುಕ್ರವಾರ, ಎಕ್ಸ್‌ಚೇಂಜ್ ಅಂಗಡಿಯ ಸಾಲಿನಲ್ಲಿ ನಿಂತು ಕಳಿಸುತ್ತಿದ್ದ. 'ಶುಲ್ಕ ಇಲ್ಲ' ಎಂದು ಬೋರ್ಡು ಹಾಕಿದವರು ದರದಲ್ಲೇ ನಾಲ್ಕಾರು ಪೈಸೆ ಮುರಿದುಕೊಳ್ಳುತ್ತಾರೆ, ಶುಲ್ಕ ಕೇಳುವವರೇ ಎಷ್ಟೋ ಸಲ ವಾಸಿ ಎಂದು ನನಗೆ ಕಲಿಸಿದ್ದು ಅವನೇ. ನಾವು ಇಲ್ಲಿ ಕುಳಿತು 'ಈಗ ಒಳ್ಳೇ ರೇಟು ಉಂಟಲ್ಲ' ಎಂದು ಒಂದು ಬೇಡಿಕೆ ಹೆಚ್ಚೇ ಇಡುತ್ತಿದ್ದೆವು.

ಅಂದ ಹಾಗೆ, ನಮ್ಮ ಮನೆಯ ಹಿಂದಿದ್ದ ಅಜ್ಜನೊಬ್ಬರು ಮಂಜಿಯಲ್ಲಿ ಮಂಗಳೂರು ಹಂಚು ಹೇರಿಕೊಂಡು ಬಸ್ರಾದ ಕಡೆಗೆ ಹೋಗಿ ಬಂದವರು. "ಆಗ ಅಲ್ಲೆಲ್ಲ ನಮ್ಮ ರೂಪಾಯಿಯೇ ನಡೀತಿತ್ತು" ಎಂದರೆ ನಾವು ನಗುತ್ತಿದ್ದೆವು. ಅದು ನಿಜವೆಂದು ಆಮೇಲೆ ಓದಿ ತಿಳಿದೆ. ಕುವೈತು 1961ರಲ್ಲಿ ದಿನಾರ್ ತರುವವರೆಗೂ ಅಲ್ಲಿ ನಡೆದದ್ದು ರೂಪಾಯಿ. ಅಲ್ಲಿಂದ ಚಿನ್ನ ಕದ್ದು ತರಲು ನಮ್ಮವರು ಇಲ್ಲಿಯ ನೋಟುಗಳನ್ನು ಸಾಗಿಸಿದ್ದು ವಿಪರೀತವಾಗಿ, 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಬೇಕಾಯಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಉಳಿದವರೂ ಹೆಚ್ಚಿನವರು ಅದನ್ನು ಬಿಟ್ಟರು. ಅಜ್ಜನಿಗೆ ದರ ನೋಡಿಕೊಂಡು ಕಾಯುವ ಕಷ್ಟವಾದರೂ ಇರಲಿಲ್ಲ.

ಅಮ್ಮ 2019ರಲ್ಲಿ ತೀರಿಕೊಂಡಳು. ಶಸ್ತ್ರಚಿಕಿತ್ಸೆಯ ನಂತರ ಐದಾರು ವರ್ಷ ಕುರ್ಚಿಯಿಲ್ಲದೆ ಓಡಾಡಿದಳು. ಮೂರು ತಿಂಗಳ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನಾಗಿ ಹೇಳಲಿಲ್ಲ.

2025ರ ಡಿಸೆಂಬರಿನಲ್ಲಿ ಡಾಲರು ತೊಂಬತ್ತು ದಾಟಿತು. ಸ್ಟಾಫ್ ರೂಮಿನಲ್ಲಿ ನನ್ನೆದುರು ಕೂರುವ ಗಣಿತದ ಟೀಚರಿನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅವರದು ನನ್ನದಕ್ಕೆ ತಿರುಗುಮುರುಗು ಲೆಕ್ಕ, ಇಲ್ಲಿಂದ ಅಲ್ಲಿಗೆ ಕಳಿಸಬೇಕಾದದ್ದು. ಮುಂದಿನ ಕಂತಿನ ಶುಲ್ಕವನ್ನು ಹಾಜರಿ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಗುಣಿಸುತ್ತ, "ಸ್ವಲ್ಪ ಇಳಿದ ಮೇಲೆ ಕಟ್ಟುವ ಅಂತ ಕಾದೆ. ನಿಮಗೇನು ಟೀಚರ್, ತಮ್ಮ ದುಬೈಯಲ್ಲಿದ್ದಾರೆ" ಎಂದರು. ಮಾತಿನಲ್ಲಿ ಅಸೂಯೆ ಇರಲಿಲ್ಲ, ದಣಿವಿತ್ತು. ಏನು ಹೇಳಬೇಕೆಂದು ತೋಚದೆ ಅವರಿಗೆ ಚಹಾ ಬಗ್ಗಿಸಿ ಕೊಟ್ಟೆ.

ಅದೇ ಸಂಜೆ ತಮ್ಮನ ಫೋನು. ಅಮ್ಮನ ಮನೆಯ ಮಾಡಿನ ರೀಪು ಹಾಳಾಗಿದೆ, ಸೋಮವಾರ ಆಚಾರಿ ಬರುತ್ತಾನೆ. "ಇಪ್ಪತ್ನಾಲ್ಕೂವರೆ ಆಗಿದೆ ಅಕ್ಕ. ಇನ್ನೂ ಏರ್ತದಂತೆ. ತಡಿಯುದಾ?" ಎಂದ.

"ಬೇಡ, ನಾಳೆಯೇ ಕಳಿಸು" ಎಂದೆ.

ಕಳಿಸಿದ. ಮರುದಿನ ಬೆಳಿಗ್ಗೆ ಪೇಪರು ಬಂದಾಗ ಮತ್ತೆ ದರದ ಪುಟ ತೆರೆದು ನೋಡಿದೆ. ನೋಡದೆ ಇರಲು ಆಗಲಿಲ್ಲ.