ಯಾರ ಪಾಲಿನ ನಿದ್ದೆ?

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. 'ಇಲ್ಲದವನಿಗೆ' ಎಂದಿದೆಯೇ ಹೊರತು 'ಇಲ್ಲದವಳಿಗೆ' ಎಂದಿಲ್ಲ. ಸಂತೆಗೆ ಹೋದ ಹೆಂಗಸು ತರಕಾರಿ ಆರಿಸಬೇಕಲ್ಲ, ನಿದ್ದೆ ಮಾಡುವುದು ಯಾವಾಗ?

ಕಳೆದ ವರ್ಷ ಬಿಡದ ತಲೆನೋವೆಂದು ಡಾಕ್ಟರ ಬಳಿ ಹೋದೆ. ಟಾನಿಕ್ ಬರೆದುಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, "ರಾತ್ರಿ ಎಷ್ಟು ಹೊತ್ತು ಮಲಗ್ತೀರಮ್ಮ?" ಬೆರಳು ಮಡಚಿ ಎಣಿಸಿದೆ. ಒಲೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಕಾಳು ನೆನೆಹಾಕಿ ಮಲಗುವಾಗ ಹನ್ನೊಂದೂವರೆ. ನಲ್ಲಿಯಲ್ಲಿ ನೀರು ಬರುವುದು ಐದಕ್ಕೆ. ಅಲ್ಲಿಗೆ ಐದೂವರೆ ಗಂಟೆ.

"ದೊಡ್ಡವರಿಗೆ ಕಡೇಪಕ್ಷ 7 ಗಂಟೆ ಬೇಕು, ಬೆಳೆಯೋ ಹುಡುಗ ಹುಡುಗಿಯರಿಗೆ 8ರಿಂದ 10. ವರ್ಷಗಟ್ಟಲೆ ಕಡಿಮೆಯಾದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಲ್ಲಕ್ಕೂ ದಾರಿ" ಎಂದರು.

"ನಮ್ಮತ್ತೆ ನಾಲ್ಕಕ್ಕೇ ಏಳ್ತಿದ್ರು. ಅವರಿಗೇನೂ ಆಗಲಿಲ್ಲವಲ್ಲ?"

"ಏನೂ ಆಗಲಿಲ್ಲವೋ, ಆದದ್ದನ್ನ ಯಾರೂ ಕೇಳಲಿಲ್ಲವೋ?"

ನನ್ನ ಬಳಿ ಉತ್ತರವಿರಲಿಲ್ಲ. ಕಡಿಮೆ ನಿದ್ದೆಯನ್ನು ನಾನು ಒಡವೆಯಂತೆ ಧರಿಸಿ ಮೆರೆದವಳು. ಎಲ್ಲರಿಗಿಂತ ಕೊನೆಗೆ ಮಲಗಿ ಮೊದಲು ಏಳುವವಳೇ ಒಳ್ಳೆಯ ಗೃಹಿಣಿ ಎಂದು ನಂಬಿದವಳು. ಆದರೆ ಹಿಂದಿನ ಸಂಜೆಯಷ್ಟೇ, ಒಂದು ಲೋಟ ಹಾಲು ಚೆಲ್ಲಿತೆಂದು ಮಗಳ ಬೆನ್ನಿಗೆ ಬಾರಿಸಿದ್ದೆ. ಸಿಟ್ಟು ಹಾಲಿನದ್ದಲ್ಲ, ದಣಿವಿನದ್ದು. ನಾನು ತ್ಯಾಗ ಎಂದುಕೊಂಡದ್ದಕ್ಕೆ ಬೆಲೆ ತೆತ್ತವಳು ಅವಳು.

ಶರೀರವನ್ನು ಎತ್ತಿ ಹಿಡಿಯುವ ಮೂರು ಆಧಾರಗಳಲ್ಲಿ ಚರಕಸಂಹಿತೆ ಆಹಾರದ ಜೊತೆಗೇ ನಿದ್ರೆಯನ್ನೂ ಎಣಿಸಿದೆ. ನಾವು ಊಟ ಬಿಟ್ಟರೆ ಮನೆಯವರು ಬಲವಂತ ಮಾಡಿ ಬಡಿಸುತ್ತಾರೆ. ನಿದ್ದೆ ಬಿಟ್ಟರೆ ಮೆಚ್ಚುತ್ತಾರೆ! ಆ ಮೆಚ್ಚುಗೆಯನ್ನು ಬೇಡವೆನ್ನುವುದು ಸ್ವಾರ್ಥವಲ್ಲ ಎಂದು ಅರಿಯಲು ನನಗೆ ನಲವತ್ತಾರು ವರ್ಷ ಬೇಕಾಯಿತು.

ನೀರು ಹಿಡಿಯುವ ಕೆಲಸ ಯಜಮಾನರಿಗೆ ಬಂತು. ಮೊದಲೆರಡು ದಿನ ಗೊಣಗಿದರು, ಆಮೇಲೆ ರೂಢಿಯಾಯಿತು. ರಾತ್ರಿಯ ಕೆಲಸವನ್ನೂ ಹಂಚಿಕೊಂಡೆವು. ಈಗ ಹತ್ತೂವರೆಗೆ ಮಲಗಿ ಆರಕ್ಕೆ ಏಳುತ್ತೇನೆ. ತಲೆನೋವು ತಗ್ಗಿದೆ.

ಆದರೆ ಹಾಗೆ ಮಲಗಿದ ಮೊದಲ ದಿನ ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿದ ಸದ್ದು. ಪಾತ್ರೆ ತೊಳೆಯುವಾಕೆ ನಿಂತಿದ್ದಳು. ವರ್ಷಗಳಿಂದ ಬರುತ್ತಿದ್ದರೂ ಅಂದೇ ಮೊದಲು ಕೇಳಿದೆ:

"ನೀನು ಎಷ್ಟಕ್ಕೆ ಎದ್ದೆ?"

"ಮೂರೂವರೆಗೆ ಅಕ್ಕ. ನಿಮ್ಮದು ಎರಡನೇ ಮನೆ."

ನನ್ನ ನಿದ್ದೆಯ ಲೆಕ್ಕದಲ್ಲಿ ಇವಳನ್ನು ಸೇರಿಸಿರಲೇ ಇಲ್ಲ. "ನಾಳೆಯಿಂದ ಎಂಟಕ್ಕೆ ಬಾ, ಪಾತ್ರೆ ಎಲ್ಲೂ ಓಡಿಹೋಗಲ್ಲ" ಎಂದೆ.

ಅವಳು ನಕ್ಕಳು. "ನೀವೊಬ್ರು ಹೇಳಿದ್ರೆ ಆಯ್ತಾ ಅಕ್ಕ? ಆ ಮೊದಲನೇ ಮನೆಯವರಿಗೂ ಹೇಳಿ."

ಆ ಮನೆಯಾಕೆ ನನ್ನ ಗೆಳತಿಯೇ. ಇನ್ನೂ ಹೇಳಿಲ್ಲ.